ಪರಿಚಯವಿಲ್ಲದವರ ಮುಂದೆ ಮನಸ್ಸು ಬಿಚ್ಚುವ ಕರಾರು

ಖಾಸಗಿ ಕೌನ್ಸೆಲರ್ ಬಳಿ ಮೊದಲ ಸಲ ಹೋದವರಿಗೆ ಅಲ್ಲಿನ ರೀತಿನೀತಿ ಕೊಂಚ ಬಿಗಿಯೆನಿಸುತ್ತದೆ. ಮುಂಚೆಯೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಎಷ್ಟೋ ಕಡೆ ಫೀಸನ್ನೂ ಮುಂಗಡ ಕಟ್ಟಬೇಕು. ಹೋದೊಡನೆ ಕೈಗೊಂದು ಫಾರಂ ಬರುತ್ತದೆ: ಮನೆಯಲ್ಲಿ ಯಾರ್ಯಾರಿದ್ದಾರೆ, ನಿದ್ದೆ ಹೇಗೆ, ಊಟ ಹೇಗೆ, ಹಿಂದೆ ಯಾವುದಾದರೂ ಮಾತ್ರೆ ತೆಗೆದುಕೊಂಡದ್ದುಂಟೆ, ಬದುಕೇ ಬೇಡ ಅನ್ನಿಸಿದ್ದುಂಟೆ, ತುರ್ತು ಬಿದ್ದರೆ ಯಾರಿಗೆ ಫೋನ್ ಮಾಡಬೇಕು. ಕೆಳಗೆ ಸಹಿ. ಒಳಗೆ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿ, ‘ಈಗ ನಾನೇನು ಮಾಡಲಿ ಹೇಳಿ’ ಎಂದರೆ ಎದುರಿನವರು ನೇರ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಮಾತು ಅರ್ಧದಲ್ಲಿರುವಾಗಲೇ ಐವತ್ತು ನಿಮಿಷ ಮುಗಿದು ಮುಂದಿನ ವಾರದ ದಿನ ನಿಗದಿಯಾಗುತ್ತದೆ. ಕಷ್ಟ ಹೇಳಿಕೊಳ್ಳಲು ಹೋದ ಕಡೆ ಇಷ್ಟೊಂದು ಕಟ್ಟುನಿಟ್ಟೇಕೆ ಎಂದು ಬೇಸರಪಟ್ಟು ಎರಡನೆಯ ಸಲ ಹೋಗದವರೂ ಇದ್ದಾರೆ. ಆದರೆ ಈ ಕಟ್ಟಳೆಗಳು ಸುಮ್ಮನೆ ಹುಟ್ಟಿದವಲ್ಲ. ಕಳೆದ ನೂರಮೂವತ್ತು-ನೂರನಲವತ್ತು ವರ್ಷಗಳಲ್ಲಿ ಈ ಕಸುಬು ಎಲ್ಲೆಲ್ಲಿ ಎಡವಿತೋ ಅಲ್ಲಲ್ಲಿ ಒಂದೊಂದು ಕಟ್ಟಳೆ ಹುಟ್ಟಿತು. ಎಲ್ಲವನ್ನೂ ಸೇರಿಸಿ ನೋಡಿದರೆ, ನಂಟಿಲ್ಲದ, ಪರಿಚಯವಿಲ್ಲದ ಒಬ್ಬರನ್ನು ನಂಬುವುದಕ್ಕೆ ಬೇಕಾದ ಕರಾರು ಅದು. ಕರಾರೆಂದ ಮೇಲೆ ಅದನ್ನು ಓದಿ, ಪ್ರಶ್ನಿಸಿ, ಬೇಕಾದಲ್ಲಿ ತಿದ್ದಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇರುತ್ತದೆ. ಮೊದಲ ಭೇಟಿಯ ಮುಖ್ಯ ಕೆಲಸ ಅದೇ ಎಂಬುದನ್ನು ಈ ಕಸುಬಿನ ಚರಿತ್ರೆಯೇ ತೋರಿಸಿಕೊಡುತ್ತದೆ.

ಕಟ್ಟಳೆಗಳಿಲ್ಲದ ಕಾಲದಿಂದಲೇ ಶುರುಮಾಡಬಹುದು. 1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ತರುಣಿಗೆ ಚಿಕಿತ್ಸೆ ಕೊಟ್ಟರು. ‘ಆನಾ ಓ.’ ಎಂಬ ಮರೆಹೆಸರಿನಲ್ಲಿ ಪ್ರಸಿದ್ಧಳಾದ ಆಕೆ ಬರ್ಥಾ ಪಾಪೆನ್‌ಹೈಮ್. ಮನಸ್ಸಿನಲ್ಲಿ ಹೂತುಹೋದ ಸಂಗತಿಗಳನ್ನು ಮಾತಿಗೆ ತಂದಾಗ ತನ್ನ ಬಾಧೆ ತಗ್ಗುತ್ತದೆ ಎಂದು ಕಂಡುಕೊಂಡವಳೂ, ಅದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವಳೂ ಆಕೆಯೇ. ಚಿಕಿತ್ಸೆ ನಡೆಯುತ್ತಿದ್ದುದು ಆಕೆಯ ಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ. ಬ್ರಾಯರ್ ದಿನವೂ ಹೋಗುತ್ತಿದ್ದರು. ಇಷ್ಟು ಹೊತ್ತು ಎಂಬ ಲೆಕ್ಕವಿರಲಿಲ್ಲ. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಆಕೆ ತಪ್ಪದೆ ಗುರುತಿಸುತ್ತಿದ್ದುದು ಅವರೊಬ್ಬರನ್ನೇ. ಅವರು ನಾಲ್ಕು ದಿನ ಊರಲ್ಲಿಲ್ಲದಿದ್ದರೆ ಸ್ಥಿತಿ ಬಿಗಡಾಯಿಸುತ್ತಿತ್ತು. ಬ್ರಾಯರ್ ಕೈಬಿಟ್ಟ ಮೇಲೆ ಆಕೆ ಸ್ಯಾನಟೋರಿಯಂ ಸೇರಬೇಕಾಯಿತು. ಮುಂದೆ ಚೇತರಿಸಿಕೊಂಡು ಜರ್ಮನಿಯ ಯಹೂದಿ ಮಹಿಳೆಯರ ಸಂಘಟನೆಯನ್ನೇ ಕಟ್ಟಿದಳೆಂಬುದು ಬೇರೆ ಮಾತು. ಮಾತಿಗೆ ಗುಣಪಡಿಸುವ ಶಕ್ತಿ ಇದೆ ಎಂಬುದನ್ನು ಈ ಪ್ರಕರಣ ತೋರಿಸಿತು. ಮೇರೆಯಿಲ್ಲದ ಆರೈಕೆ ಇಬ್ಬರನ್ನೂ ಸುಸ್ತುಮಾಡುತ್ತದೆ, ಕೊನೆಗೆ ರೋಗಿಯನ್ನೇ ನಡುನೀರಿನಲ್ಲಿ ಕೈಬಿಡುತ್ತದೆ ಎಂಬುದನ್ನೂ ತೋರಿಸಿತು.

ಬ್ರಾಯರ್ ಅವರ ಜೊತೆಗೂಡಿ 1895ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದ ಸಿಗ್ಮಂಡ್ ಫ್ರಾಯ್ಡ್, 1913ರಲ್ಲಿ ಚಿಕಿತ್ಸೆಯನ್ನು ಆರಂಭಿಸುವ ಬಗೆ ಹೇಗೆಂದೇ ಒಂದು ಪ್ರಬಂಧ ಬರೆದರು. ಇಂದಿನ ಕೌನ್ಸೆಲರ್ ಕೋಣೆಯ ಅರ್ಧದಷ್ಟು ಕಟ್ಟಳೆಗಳು ಅದರಲ್ಲಿ ಸಿಗುತ್ತವೆ. ಮೊದಲ ಒಂದೆರಡು ವಾರ ಪರೀಕ್ಷಾರ್ಥ. ಈ ಚಿಕಿತ್ಸೆ ಈ ವ್ಯಕ್ತಿಗೆ ಒಗ್ಗುತ್ತದೆಯೇ ಎಂದು ಆಗ ನೋಡಬೇಕು. ದಿನದ ಒಂದು ಗಂಟೆಯನ್ನು ರೋಗಿಗೆ ಬಾಡಿಗೆಗೆ ಕೊಟ್ಟಂತೆ ಮೀಸಲಿಡಬೇಕು. ಅವರು ಬಾರದಿದ್ದರೂ ಆ ಗಂಟೆಯ ಫೀಸು ಕೊಡಬೇಕು. ಹಣದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿ ಮುಗಿಸಬೇಕು, ಬಾಕಿ ಬೆಳೆಯಲು ಬಿಡಬಾರದು. ವೈದ್ಯನಿಗೂ ರೋಗಿಗೂ, ಇಲ್ಲವೇ ಅವರ ಮನೆಯವರಿಗೂ ಮೊದಲೇ ಸ್ನೇಹವಿದ್ದರೆ ತೊಂದರೆ ತಪ್ಪದು. ಎಲ್ಲರಿಗೂ ನೆನಪಿರುವ ಆ ಮಂಚದ ಬಗ್ಗೆಯೂ ಅಲ್ಲಿ ಮಾತಿದೆ. ಮಂಚವು ತಾವು ಹಿಂದೆ ಬಳಸುತ್ತಿದ್ದ ಹಿಪ್ನಾಟಿಸಂ ಪದ್ಧತಿಯ ಉಳಿಕೆ, ದಿನಕ್ಕೆ ಎಂಟು ಗಂಟೆ ಜನ ತಮ್ಮ ಮುಖವನ್ನೇ ದಿಟ್ಟಿಸುವುದು ತಮಗೆ ಸಹಿಸಲಾಗದು ಎಂದು ಫ್ರಾಯ್ಡ್ ಒಪ್ಪಿಕೊಂಡಿದ್ದಾರೆ. ಈ ಒಪ್ಪಿಗೆ ನಮಗೆ ಮುಖ್ಯ. ಕಟ್ಟಳೆಗಳಲ್ಲಿ ಕೆಲವು ರೋಗಿಯ ಹಿತಕ್ಕೆ ಬಂದವು, ಕೆಲವು ವೈದ್ಯನ ಅನುಕೂಲಕ್ಕೆ ಬಂದವು. ಎರಡನೆಯ ಜಾತಿಯವು ಕಾಲಕ್ರಮದಲ್ಲಿ ಬಿದ್ದುಹೋದವು. ಇಂದು ಬಹುಪಾಲು ಕೌನ್ಸೆಲರ್‌ಗಳು ಎದುರುಬದುರು ಕುರ್ಚಿ ಹಾಕಿ ಕೂರುತ್ತಾರೆ. ಗೊತ್ತಾದ ಹೊತ್ತು, ಮೊದಲೇ ತಿಳಿದ ಫೀಸು, ನಂಟರು-ಸ್ನೇಹಿತರಿಗೆ ಚಿಕಿತ್ಸೆ ಕೊಡದಿರುವುದು, ಮೊದಲ ಕೆಲವು ಭೇಟಿಗಳನ್ನು ಪರಸ್ಪರ ಪರೀಕ್ಷೆಗೆಂದು ಇಟ್ಟುಕೊಳ್ಳುವುದು ಇವು ಮಾತ್ರ ನೂರು ವರ್ಷ ದಾಟಿಯೂ ನಿಂತಿವೆ.

‘ಏನು ಮಾಡಬೇಕು ಹೇಳಿ’ ಎಂದರೆ ಹೇಳದಿರುವ ಕಟ್ಟಳೆಯ ಹುಟ್ಟು ಬೇರೆ ಕಡೆ. ಅಮೆರಿಕದ ಬಾಸ್ಟನ್‌ನಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ತೆರೆದ ಉದ್ಯೋಗ ಮಾರ್ಗದರ್ಶನ ಕೇಂದ್ರದಿಂದ ಕೌನ್ಸೆಲಿಂಗ್ ಕಸುಬಿನ ಒಂದು ಕವಲು ಹೊರಟಿತು. ಅಲ್ಲಿ ಸಲಹೆಗಾರನಿಗೆ ಉತ್ತರ ಗೊತ್ತಿರುತ್ತದೆ, ಕೇಳಬಂದವನು ಅದನ್ನು ಪಡೆದು ಹೋಗುತ್ತಾನೆ ಎಂಬ ಭಾವನೆ ಇತ್ತು. 1942ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇದನ್ನು ತಲೆಕೆಳಗು ಮಾಡಿದರು. ಅವರು ಭೇಟಿಗಳನ್ನು ಧ್ವನಿಮುದ್ರಿಸಿ, ಒಬ್ಬ ವ್ಯಕ್ತಿಯೊಡನೆ ನಡೆದ ಅಷ್ಟೂ ಮಾತುಕತೆಯನ್ನು ಅಕ್ಷರಶಃ ಪುಸ್ತಕದಲ್ಲಿ ಅಚ್ಚುಹಾಕಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಎಂಬುದಕ್ಕೆ ಚಿಕಿತ್ಸಕನ ನೆನಪೊಂದೇ ಸಾಕ್ಷಿಯಾಗಿತ್ತು. ಮುದ್ರಿತ ಮಾತನ್ನು ಸಾಲುಸಾಲಾಗಿ ಓದಿದಾಗ, ಚಿಕಿತ್ಸಕ ಬುದ್ಧಿ ಹೇಳಹೊರಟ ಕಡೆ ಎದುರಿನವರು ಮುದುಡಿಕೊಳ್ಳುವುದು, ಅವರು ಹೇಳಿದ್ದನ್ನೇ ಅರ್ಥಮಾಡಿಕೊಂಡು ಮರಳಿ ಆಡಿದ ಕಡೆ ಮಾತು ಮುಂದೆ ಹರಿಯುವುದು ರೋಜರ್ಸ್‌ಗೆ ಕಂಡಿತು. ‘ನಿಮಗೇನನ್ನಿಸುತ್ತದೆ’ ಎಂದು ಕೌನ್ಸೆಲರ್ ಇಂದು ಕೇಳುವುದರ ಹಿಂದೆ ಈ ಅನುಭವವಿದೆ. ಕೇಳುವವರು ನುಣುಚಿಕೊಳ್ಳುತ್ತಿದ್ದಾರೆ ಎಂದು ಮೊದಲ ದಿನವೇ ತೀರ್ಮಾನಿಸುವುದು ಅವಸರವಾದೀತು.

ಇವೆಲ್ಲ ನಮ್ಮಲ್ಲಿಗೆ ಬಂದ ಹಾದಿ ನೇರವಾಗಿರಲಿಲ್ಲ. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಮನೋವಿಶ್ಲೇಷಣೆಯ ಭಾರತೀಯ ಸಂಘ ಕಟ್ಟಿ, ಫ್ರಾಯ್ಡ್ ಜೊತೆ ಪತ್ರದಲ್ಲೇ ವಾದಕ್ಕಿಳಿದಿದ್ದರು. ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರ ಮೊದಲು ಕಾಲಿಟ್ಟದ್ದು ಪಾಠವಾಗಿ, ಅಳತೆಗೋಲಾಗಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ವಿ.ವಿ. ಕಾಮತ್ ಬಿನೆ ಎಂಬ ಮನಶ್ಶಾಸ್ತ್ರಜ್ಞನ ಬುದ್ಧಿಪರೀಕ್ಷೆಯನ್ನು ಮುಂಬೈ ಪ್ರಾಂತ್ಯದ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆಯ ಹೆಸರು ಇಂದಿಗೂ ಮಕ್ಕಳ ಮನಶ್ಶಾಸ್ತ್ರಜ್ಞರ ಬಾಯಲ್ಲಿದೆ. ಇನ್ನೊಂದು ಕಡೆ ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇದ್ದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ವೈದ್ಯರಲ್ಲದ ಮನಶ್ಶಾಸ್ತ್ರಜ್ಞರು ಇಲ್ಲಿ 1955ರಿಂದ ತರಬೇತಿ ಪಡೆಯತೊಡಗಿದರು. ಇಂದು ನಗರದ ಬಡಾವಣೆಗಳಲ್ಲಿ ಬೋರ್ಡು ಹಾಕಿಕೊಂಡಿರುವ ಎಷ್ಟೋ ಖಾಸಗಿ ಕೋಣೆಗಳ ವಂಶವೃಕ್ಷ ಈ ಆಸ್ಪತ್ರೆಯ ಅಂಗಳಕ್ಕೆ ಹೋಗಿ ಮುಟ್ಟುತ್ತದೆ.

ವಿಯೆನ್ನಾದ ಕಟ್ಟಳೆಗಳು ಈ ಅಂಗಳದಲ್ಲಿ ಇದ್ದ ಹಾಗೆಯೇ ನಡೆಯಲಿಲ್ಲ. ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಮ್ 1964ರಲ್ಲಿ ಬರೆದ ಲೇಖನವೊಂದು ಇದಕ್ಕೆ ಸಾಕ್ಷಿ. ಇಲ್ಲಿನ ರೋಗಿ ಮನಸ್ಸಿನ ಆಳದ ವಿವರಣೆಗಿಂತ ಕಣ್ಣೆದುರಿನ ಕಷ್ಟಕ್ಕೆ ನೇರ ಆಸರೆಯನ್ನು ಬಯಸುತ್ತಾನೆ, ಚಿಕಿತ್ಸಕನನ್ನು ಮನೆಯ ಹಿರಿಯನಂತೆ ಕಾಣುತ್ತಾನೆ ಎಂದು ಅವರು ಗುರುತಿಸಿದರು. 1973ರಲ್ಲಿ ಮನೋವೈದ್ಯ ಜೆ.ಎಸ್. ನೇಕಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಇಟ್ಟುಕೊಳ್ಳಬಹುದೆಂದು ವಾದಿಸಿದರು. ಅಮೃತಸರದಲ್ಲಿ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೆಂದೇ ಒಂದು ಮನೋಚಿಕಿತ್ಸಾ ಕೇಂದ್ರ ಬೆಳೆಯಿತು. ಬೆಂಗಳೂರಿನ ಕೌನ್ಸೆಲರ್ ಮೊದಲ ದಿನ ‘ಮನೆಯವರಿಗೆ ಗೊತ್ತೇ? ಒಮ್ಮೆ ಅವರನ್ನೂ ಕರೆಸಬಹುದೇ?’ ಎಂದು ಕೇಳಿದರೆ, ಆ ಪ್ರಶ್ನೆಯಲ್ಲಿ ಈ ಆಸ್ಪತ್ರೆಗಳ ಅನುಭವ ಮಾತಾಡುತ್ತಿರುತ್ತದೆ. ಬೇಡವೆನ್ನಲು ನಿಮಗೆ ಹಕ್ಕಿದೆ ಎಂಬುದು ವಿಯೆನ್ನಾದಿಂದ ಬಂದ ಪಾಲು. ಕರಾರನ್ನು ಊರಿಗೆ ತಕ್ಕಂತೆ ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹಾಗಾದರೆ ಮೊದಲ ಭೇಟಿಯಲ್ಲೇ ಸಲಹೆ ಸಿಗಬೇಕೆಂಬ ನಿರೀಕ್ಷೆ ಕನ್ನಡಿಗರಲ್ಲಿ ಎಲ್ಲಿಂದ ಬಂತು? ಬಹುಮಟ್ಟಿಗೆ ಪತ್ರಿಕೆಗಳಿಂದ. ಕೌನ್ಸೆಲರ್ ಕೋಣೆ ಹುಟ್ಟುವ ಮುಂಚೆಯೇ ನಮ್ಮಲ್ಲಿ ಪರಿಚಯವಿಲ್ಲದವರ ಮುಂದೆ ಮನಸ್ಸು ಬಿಚ್ಚುವ ಒಂದು ಜಾಗ ತಯಾರಾಗಿತ್ತು: ವಾರಪತ್ರಿಕೆ, ಮಾಸಪತ್ರಿಕೆಗಳ ಪ್ರಶ್ನೋತ್ತರ ಅಂಕಣ. ಪುಸ್ತಕಗಳೂ ಅದರ ಜೊತೆಗೂಡಿದವು. ಹಾಸ್ಯಪತ್ರಿಕೆ ‘ಕೊರವಂಜಿ’ಯನ್ನು 1942ರಲ್ಲಿ ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಬೇನೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ದಾಂಪತ್ಯ, ಬಸಿರು, ದೇಹ ಇವುಗಳ ಕುರಿತು ಹೆಂಗಸರು ಬಾಯಿಬಿಟ್ಟು ಕೇಳಲಾರದ್ದನ್ನು ಅಚ್ಚಿನಲ್ಲಿ ಹೇಳಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಖಿನ್ನತೆ, ಆತಂಕ, ಗೀಳು ಇವುಗಳನ್ನು ಮನೆಮಾತಾಗಿಸಿದರು. ಅಂಕಣಕ್ಕೆ ಪತ್ರ ಬರೆಯುವವರು ಹೆಸರಿನ ಬದಲು ಊರಿನ ಮೊದಲಕ್ಷರ ಹಾಕಿ ಕಳಿಸುತ್ತಿದ್ದರು. ಗುಟ್ಟು ಉಳಿಯುತ್ತಿತ್ತು, ಉತ್ತರವೂ ಸಿಗುತ್ತಿತ್ತು. ಆದರೆ ಒಂದು ಪತ್ರಕ್ಕೆ ಒಂದು ಪ್ಯಾರಾ ಉತ್ತರ, ಅಲ್ಲಿಗೆ ಮುಗಿಯಿತು. ಎದುರು ಕೂತು, ಮುಂದಿನ ವಾರ ಮತ್ತೆ ಬಂದು, ಹೋದ ವಾರ ಹೇಳಿದ್ದನ್ನು ತಿದ್ದಿಕೊಳ್ಳುವ ಅವಕಾಶ ಅಂಕಣದಲ್ಲಿರಲಿಲ್ಲ. ಅಂಕಣ ಮೊದಲ ಪಾಠಶಾಲೆಯಾದರೆ ಎರಡನೆಯದು ಎಚ್‌ಐವಿ ಪರೀಕ್ಷಾ ಕೇಂದ್ರ. ಸರ್ಕಾರಿ ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ರಕ್ತ ಕೊಡುವ ಮುಂಚೆ ಒಮ್ಮೆ, ರಿಪೋರ್ಟ್ ಕೊಡುವಾಗ ಇನ್ನೊಮ್ಮೆ ಕೌನ್ಸೆಲರ್ ಕೂರಿಸಿಕೊಂಡು ಮಾತಾಡುತ್ತಿದ್ದರು. ಒಪ್ಪಿಗೆ ಕೇಳುತ್ತಿದ್ದರು, ವಿಷಯ ಹೊರಗೆ ಹೋಗದೆಂದು ಹೇಳುತ್ತಿದ್ದರು. ಸಾಮಾನ್ಯ ಜನರಲ್ಲಿ ಎಷ್ಟೋ ಮಂದಿಗೆ ಗೋಪ್ಯತೆಯ ಭರವಸೆ ಮೊದಲ ಸಲ ಕಿವಿಗೆ ಬಿದ್ದದ್ದು ಅಲ್ಲಿ.

ಬೆಂಗಳೂರಿನಲ್ಲಿ ಆಸ್ಪತ್ರೆಯ ಹೊರಗೆ ಮಾತಿಗೆ ಜಾಗ ಮಾಡಿಕೊಟ್ಟವರಲ್ಲಿ 1964ರಲ್ಲಿ ವೈದ್ಯರೂ ಪಾದ್ರಿಗಳೂ ಸೇರಿ ಕಟ್ಟಿದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ ಮುಂಚಿನದು. 1990ರ ದಶಕದಲ್ಲಿ ಪರಿವರ್ತನ್‌ನಂಥ ಸಂಸ್ಥೆಗಳು ಕೌನ್ಸೆಲರ್‌ಗಳಿಗೆ ತರಬೇತಿಯನ್ನೂ ಕೊಡತೊಡಗಿದವು. ಆಮೇಲೆ ಐಟಿ ಕಂಪನಿಗಳು, ಕಾಲೇಜುಗಳು, 2020ರ ಲಾಕ್‌ಡೌನ್‌ನಲ್ಲಿ ವಿಡಿಯೊ ಕರೆ. ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ: ಇದೆಲ್ಲ ಹೊರಗಿನ ಸರಕು, ನಮ್ಮಲ್ಲಿ ಹಿರಿಯರಿದ್ದರು, ಮಠವಿತ್ತು, ದೈವವಿತ್ತು, ಫೀಸು-ಫಾರಂ ಇಲ್ಲದೆ ಕಷ್ಟ ಕೇಳುತ್ತಿದ್ದರು. ಈ ಮಾತಿನಲ್ಲಿ ಹುರುಳಿದೆ. ಆ ಆಸರೆಗಳು ಇಂದಿಗೂ ದೊಡ್ಡ ಸಂಖ್ಯೆಯ ಜನರನ್ನು ಕಾಯುತ್ತಿವೆ. ಆದರೆ ಅಲ್ಲಿ ಕಟ್ಟಳೆಗಳಿರಲಿಲ್ಲ ಎಂಬುದು ಸರಿಯಲ್ಲ. ತುಳುನಾಡಿನ ದೈವದ ಕೋಲಕ್ಕೂ ದಿನವಿದೆ, ಸರದಿಯಿದೆ, ಕಾಣಿಕೆಯಿದೆ, ಯಾರು ಎಲ್ಲಿ ನಿಂತು ಅರಿಕೆ ಮಾಡಬೇಕೆಂಬ ಕ್ರಮವಿದೆ. ನಂಬಿಕೆ ಎಲ್ಲೆಡೆಯೂ ಕ್ರಮದ ಮೇಲೆಯೇ ನಿಂತಿರುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ: ದೈವದ ನುಡಿಯನ್ನು ಊರೇ ಕೇಳುತ್ತದೆ, ಮನೆಯ ಹಿರಿಯರ ತೀರ್ಪಿನಲ್ಲಿ ಮನೆಯ ಮರ್ಯಾದೆಯ ಪಾಲಿರುತ್ತದೆ. ಜಮೀನಿನ ತಗಾದೆಗೆ, ಅಣ್ಣತಮ್ಮಂದಿರ ಮುನಿಸಿಗೆ ಅದೇ ಬಲ. ಅತ್ತೆಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವ ಸೊಸೆಗೆ, ಸಾಲವನ್ನು ಹೆಂಡತಿಯಿಂದ ಮುಚ್ಚಿಟ್ಟ ಗಂಡಸಿಗೆ, ತನ್ನ ಒಲವು ಮನೆಯವರು ಒಪ್ಪುವಂಥದ್ದಲ್ಲ ಎಂದು ತಿಳಿದ ಹುಡುಗನಿಗೆ ಅದೇ ಅಡ್ಡಿ. ಫಲಿತಾಂಶದಲ್ಲಿ ಪಾಲಿಲ್ಲದ ಕೇಳುಗ ಬೇಕಾದವರಿಗೆ ಖಾಸಗಿ ಕೋಣೆ ಬೇಕಾಗುತ್ತದೆ.

ಆ ಗುಟ್ಟಿಗೂ ಎಲ್ಲೆಯಿದೆ ಎಂಬುದನ್ನು ಮೊದಲ ದಿನವೇ ತಿಳಿದಿರುವುದು ಒಳ್ಳೆಯದು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ವಿದ್ಯಾರ್ಥಿಯೊಬ್ಬ ತಾನೊಬ್ಬ ಯುವತಿಯನ್ನು ಕೊಲ್ಲುವುದಾಗಿ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞನ ಮುಂದೆ ಹೇಳಿದ. ಕ್ಯಾಂಪಸ್ ಪೊಲೀಸರಿಗೆ ಸುದ್ದಿ ಹೋಯಿತು, ಆ ಯುವತಿಗೆ ಹೋಗಲಿಲ್ಲ, ಆಕೆಯ ಕೊಲೆಯಾಯಿತು. ತರಾಸಾಫ್ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದಲ್ಲಿ 1976ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಇನ್ನೊಬ್ಬರ ಜೀವಕ್ಕೆ ಅಪಾಯವಿರುವಾಗ ಅವರನ್ನು ಕಾಪಾಡುವ ಹೊಣೆ ಚಿಕಿತ್ಸಕನಿಗಿದೆ ಎಂದಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಕೊಡುತ್ತದೆ. ಜೀವಾಪಾಯ, ಇತರರಿಗೆ ಹಾನಿ, ನ್ಯಾಯಾಲಯದ ಆದೇಶದಂಥ ವಿನಾಯಿತಿಗಳನ್ನೂ ಹೇಳುತ್ತದೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡಲೇಬೇಕು. ಫಾರಂನಲ್ಲಿ ತುರ್ತಿನ ಫೋನ್ ನಂಬರ್ ಕೇಳುವುದು ಜೀವಾಪಾಯದಂಥ ಸಂದರ್ಭಕ್ಕಾಗಿ. ಗುಟ್ಟು ಎಲ್ಲಿಯವರೆಗೆ ಎಂದು ಮೊದಲೇ ಹೇಳುವ ಕೌನ್ಸೆಲರ್, ಏನೂ ಹೊರಗೆ ಹೋಗುವುದಿಲ್ಲ ಎಂದು ಆಣೆ ಹಾಕುವವರಿಗಿಂತ ಹೆಚ್ಚು ನಂಬಿಕೆಗೆ ಅರ್ಹರು.

ಎರಡನೆಯ ಆಕ್ಷೇಪ ಹಣದ್ದು. ಕಷ್ಟ ಕೇಳುವುದಕ್ಕೂ ಕಾಸೇ? ಬಡವರ ಗತಿಯೇನು? ಫ್ರಾಯ್ಡ್ ಹತ್ತು ವರ್ಷಗಳ ಕಾಲ ದಿನಕ್ಕೊಂದು, ಕೆಲವೊಮ್ಮೆ ಎರಡು ಗಂಟೆ ಉಚಿತ ಚಿಕಿತ್ಸೆ ನಡೆಸಿ, ಉಪಕಾರದ ಹೊರೆ ರೋಗಿಯ ಬಾಯಿ ಕಟ್ಟುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಅದೇ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾತಾಡುತ್ತ, ಬಡವರಿಗೂ ಮನಸ್ಸಿನ ಚಿಕಿತ್ಸೆಯ ಹಕ್ಕಿದೆ, ಮುಂದೊಂದು ದಿನ ಸರ್ಕಾರವೇ ಅದನ್ನು ಉಚಿತವಾಗಿ ಕೊಡಬೇಕಾದೀತು ಎಂದರು. 1920ರಲ್ಲಿ ಬರ್ಲಿನ್ನಿನಲ್ಲಿ, 1922ರಲ್ಲಿ ವಿಯೆನ್ನಾದಲ್ಲಿ ಅಂಥ ಕ್ಲಿನಿಕ್‌ಗಳು ತೆರೆದವು. ಕರ್ನಾಟಕದಲ್ಲಿ ಈ ಹೊಣೆಯನ್ನು ಸರ್ಕಾರದ ಕಡೆ ತಿರುಗಿಸಿದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ-ಮನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ಖರ್ಚಿಲ್ಲ. ಅಗತ್ಯ ಮಾತ್ರ ದೊಡ್ಡದು: 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತು. ಬಹುತೇಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರೇ ಶೇ. 70ಕ್ಕಿಂತ ಹೆಚ್ಚು. ಖಾಸಗಿ ಕೋಣೆಯ ಫೀಸು ಈ ಕಂದರವನ್ನು ತುಂಬಲಾರದು, ನಿಜ. ಆದರೆ ಫೀಸಿರುವಲ್ಲಿ ಅದನ್ನು ಮೊದಲೇ ಹೇಳುವುದು, ಆಗದವರಿಗೆ ಕಡಿಮೆ ಮಾಡಿಕೊಡುವ ರಿವಾಜಿದೆಯೇ ಎಂದು ಕೇಳುವುದು ಎರಡೂ ಕರಾರಿನೊಳಗಿನ ಮಾತುಗಳೇ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು: ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದಾದ ಕಸುಬಿಗೆ ಕರಾರಿನ ಮಾತೇಕೆ? 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ನೋಂದಣಿ ಇದೆ. 2017ರ ಕಾಯ್ದೆ ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕಾದವರೆಂದು ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಮಾನಸಿಕ ಆರೋಗ್ಯ ದಾದಿ ಇವರನ್ನು ಹೆಸರಿಸುತ್ತದೆ. ಬರೀ ಕೌನ್ಸೆಲರ್ ಆ ಪಟ್ಟಿಯಲ್ಲಿಲ್ಲ. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ಮನಶ್ಶಾಸ್ತ್ರಜ್ಞರನ್ನೂ ಕೆಲವು ಬಗೆಯ ಕೌನ್ಸೆಲರ್‌ಗಳನ್ನೂ ತನ್ನ ಅನುಸೂಚಿಗೆ ಸೇರಿಸಿಕೊಂಡಿದೆ. ಕಾನೂನಿನ ಬೇಲಿ ಇನ್ನೂ ಪೂರ್ತಿಯಾಗಿಲ್ಲದಿರುವಾಗ ಕರಾರಿನ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಏಕೆಂದರೆ ಬಂದವರ ಕೈಯಲ್ಲಿರುವ ಪರೀಕ್ಷೆ ಅದೊಂದೇ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ನಿಮ್ಮ ಕೆಲಸವನ್ನು ಗಮನಿಸುವ ಹಿರಿಯರು ಯಾರಾದರೂ ಇದ್ದಾರೆಯೇ, ನನ್ನಂಥ ತೊಂದರೆಯವರ ಜೊತೆ ಕೆಲಸ ಮಾಡಿದ್ದುಂಟೇ, ಮಾತ್ರೆ ಬೇಕಾದರೆ ಯಾವ ಮನೋವೈದ್ಯರ ಬಳಿ ಕಳಿಸುತ್ತೀರಿ, ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಒಂದು ದಿನ ಬರಲಾಗದಿದ್ದರೆ ಫೀಸಿನ ಗತಿಯೇನು, ಒಗ್ಗದಿದ್ದರೆ ನಿಲ್ಲಿಸುವುದು ಹೇಗೆ: ಇವನ್ನು ಮೊದಲ ಐವತ್ತು ನಿಮಿಷದಲ್ಲಿ ಕೇಳಿದರೆ ಸಮಯ ಹಾಳಾಯಿತೆಂದು ಭಾವಿಸಬೇಕಿಲ್ಲ. ಬರ್ಥಾ ಪಾಪೆನ್‌ಹೈಮ್‌ಗೆ ಕೇಳಲು ಅವಕಾಶವಿಲ್ಲದಿದ್ದ ಪ್ರಶ್ನೆಗಳು ಇವು. ಇವಕ್ಕೆ ಸಿಡಿಮಿಡಿಗೊಳ್ಳುವ ಕೌನ್ಸೆಲರ್ ಎದುರು ಇನ್ನೂ ಆಳದ ಮಾತು ಆಡುವುದು ಸಾಧ್ಯವಾಗದು. ಸಾವಧಾನವಾಗಿ ಉತ್ತರಿಸುವವರ ಬಳಿ ಕೆಲಸದ ಮೊದಲ ಹೆಜ್ಜೆ ಆಗಲೇ ಇಟ್ಟಾಗಿರುತ್ತದೆ. ಎರಡು-ಮೂರು ಭೇಟಿಯ ನಂತರವೂ ಒಗ್ಗದಿದ್ದರೆ ಬೇರೊಬ್ಬರನ್ನು ಹುಡುಕಬಹುದು. 1913ರಲ್ಲೇ ಪರೀಕ್ಷಾರ್ಥ ವಾರಗಳನ್ನು ಇಟ್ಟ ಕಸುಬು ಇದು. ಮೊದಲ ದಿನವೇ ಪೂರ್ತಿ ನಂಬಿಕೆಯನ್ನು ಅದು ಯಾರಿಂದಲೂ ಬೇಡುವುದಿಲ್ಲ.